ಏರಿದ ರಕ್ತದೊತ್ತಡ, ಕೆಟ್ಟ ನಿದ್ರೆ, ಹೇಳದೆ ಉಳಿದ ಮಾತು

ಬನಹಟ್ಟಿಯ ಒಂದು ಓಣಿಯಲ್ಲಿ ನನಗೆ ಬಹುಕಾಲದ ಪರಿಚಯವುಳ್ಳ ಹಿರಿಯ ನೇಕಾರರೊಬ್ಬರಿದ್ದಾರೆ. ಅವರ ಹೆಸರು ಇಲ್ಲಿ ಅಗತ್ಯವಿಲ್ಲ. ಮುಧೋಳ, ಜಮಖಂಡಿ, ಬೀಳಗಿ, ರಬಕವಿಗಳ ಎಷ್ಟೋ ಮನೆಗಳಲ್ಲಿ ಇಂಥದೇ ಕಥೆಯು ನಡೆದಿರುತ್ತದೆ. ನಾಲ್ವತ್ತು ವರ್ಷ ಮಗ್ಗದ ಸದ್ದಿನಲ್ಲಿ ದುಡಿದ ಈ ಗೃಹಸ್ಥರಿಗೆ ರಕ್ತದೊತ್ತಡವು ಮೇರೆ ಮೀರಿದೆಯೆಂಬುದು ತಿಳಿದುದು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಹೋದಾಗ. ಡಾಕ್ಟರರು ಅಮ್ಲೋಡಿಪಿನ್ ಎಂಬ ಮಾತ್ರೆಯನ್ನು ಬರೆದುಕೊಟ್ಟರು. ಒತ್ತಡವೇನೋ ಇಳಿಯಿತು. ಆದರೆ ಎರಡು ತಿಂಗಳಾಗುವುದರೊಳಗೆ ಪಾದಗಳು ಬಾತುಕೊಂಡವು. ಅವರು ಆ ಬಾವನ್ನು ತೋರಿಸಲು ಬೇರೊಬ್ಬ ವೈದ್ಯರಲ್ಲಿಗೆ ಹೋದರು. ಮೊದಲಿನ ಚೀಟಿಯನ್ನು ಒಯ್ಯಲಿಲ್ಲ, ಆ ವೈದ್ಯರೂ ಕೇಳಲಿಲ್ಲ. ಬಾವಿಗೆಂದು ಮೂತ್ರವನ್ನು ಹೆಚ್ಚಿಸುವ ಮಾತ್ರೆಯೊಂದು ಬಂದಿತು. ಹಗಲಿನಲ್ಲಿ ಮತ್ತೆ ಮತ್ತೆ ಮಗ್ಗ ಬಿಟ್ಟು ಏಳಲಾಗದೆಂದು ಅವರು ಅದನ್ನು ರಾತ್ರಿಯ ಊಟದ ನಂತರ ನುಂಗತೊಡಗಿದರು. ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ: ರಾತ್ರಿಯಲ್ಲಿ ನಾಲ್ಕು ಸಲ ಏಳಬೇಕಾಯಿತು, ನಿದ್ರೆ ಹಾರಿತು. ನಿದ್ರೆಗಾಗಿ ಔಷಧದ ಅಂಗಡಿಯಿಂದ ಇನ್ನೊಂದು ಗುಳಿಗೆ ಬಂದಿತು. ಆ ಗುಳಿಗೆಯ ಮಂಪರಿನಲ್ಲಿ ಒಂದು ನಸುಕಿನಲ್ಲಿ ಬಚ್ಚಲಿಗೆ ಹೋಗುವಾಗ ಕಾಲು ಜಾರಿ ಬಿದ್ದು ಮುಂಗೈಯ ಎಲುಬನ್ನು ಮುರಿದುಕೊಂಡರು.

ನಾನು ನೋಡಲು ಹೋದಾಗ ಅವರು ಹೇಳಿದ ಮಾತು ಇದು: “ಗುಳಿಗಿ ನನಗ ಆಗಿ ಬರೂದಿಲ್ರಿ ಮಾಸ್ತರ್ರ. ಎಲ್ಲಾ ಬಿಟ್ಟಬಿಟ್ಟೀನಿ.” ಡಾಕ್ಟರರಿಗೆ ಹೇಳಿದಿರಾ ಎಂದು ಕೇಳಿದೆ. “ಅವರಿಗೆ ಹ್ಯಾಂಗ ಹೇಳೂದ್ರಿ? ಸಿಟ್ಟ ಮಾಡ್ತಾರ. ತಗೋತೀನ್ರಿ ಅಂತ ಹೇಳಿ ಬಂದೀನಿ.”

ಈ ಕಥೆಯಲ್ಲಿ ದುಷ್ಟರು ಯಾರೂ ಇಲ್ಲ. ಒಂದೊಂದು ಹೆಜ್ಜೆಗೂ ಒಂದೊಂದು ಕಾರಣವಿದೆ. ಒಂದು ಔಷಧದ ಅನಿಷ್ಟ ಪರಿಣಾಮವನ್ನು ಹೊಸ ರೋಗವೆಂದು ತಿಳಿದು ಅದಕ್ಕೆ ಎರಡನೆಯ ಔಷಧವನ್ನು ಕೊಡುವುದು, ಎರಡನೆಯದರಿಂದ ಹುಟ್ಟಿದ ಬಾಧೆಗೆ ಮೂರನೆಯದನ್ನು ಕೊಡುವುದು, ಹೀಗೆ ಬೆಳೆಯುವ ಸರಪಳಿಯನ್ನು ೧೯೯೦ರ ದಶಕದಲ್ಲಿ ಪೌಲಾ ರೋಚನ್ ಮತ್ತು ಜೆರಿ ಗುರ್ವಿಟ್ಜ್ ಎಂಬ ವೈದ್ಯರು ಸ್ಪಷ್ಟವಾಗಿ ವರ್ಣಿಸಿ ಅದಕ್ಕೊಂದು ಹೆಸರನ್ನಿಟ್ಟರು. ಅಮ್ಲೋಡಿಪಿನ್ನಿಂದ ಬರುವ ಬಾವು ಅವರ ಜಾತಿಯ ಉದಾಹರಣೆಗಳಲ್ಲಿ ಬಲು ಪ್ರಸಿದ್ಧವಾದುದು. ಈ ಮಾತ್ರೆಯು ಸಣ್ಣ ಧಮನಿಗಳನ್ನು ಸಡಿಲಿಸುತ್ತದೆ. ಆದರೆ ರಕ್ತವು ಹಿಂದಿರುಗುವ ಸಿರೆಗಳನ್ನು ಅಷ್ಟಾಗಿ ಸಡಿಲಿಸುವುದಿಲ್ಲ. ಒಳಹರಿವು ಹೆಚ್ಚಿ ಹೊರಹರಿವು ಇದ್ದಂತೆಯೇ ಇದ್ದರೆ ಕಾಲುವೆಯ ಬದಿಯ ಹೊಲ ಜವುಳಾಗುವಂತೆ, ಲೋಮನಾಳಗಳಿಂದ ನೀರು ಜಿನುಗಿ ಪಾದದ ಊತಕಗಳಲ್ಲಿ ನಿಲ್ಲುತ್ತದೆ. ದೇಹದಲ್ಲಿ ಒಟ್ಟು ನೀರು ಹೆಚ್ಚಾಗಿರುವುದಿಲ್ಲವಾದ್ದರಿಂದ ಮೂತ್ರವರ್ಧಕದಿಂದ ಈ ಬಾವಿಗೆ ಹೆಚ್ಚಿನ ಪ್ರಯೋಜನವಿಲ್ಲ. ಮಾತ್ರೆಯ ಪ್ರಮಾಣವನ್ನು ತಗ್ಗಿಸುವುದು, ಅಥವಾ ಟೆಲ್ಮಿಸಾರ್ಟಾನ್ ಮೊದಲಾದ ಬೇರೆ ವರ್ಗದ ಮಾತ್ರೆಯನ್ನು ಬದಲಿಯಾಗಿಯೋ ಜೊತೆಯಾಗಿಯೋ ಕೊಡುವುದು ಸರಿಯಾದ ಮಾರ್ಗ. “ಈ ಮಾತ್ರೆಯನ್ನು ಆರಂಭಿಸಿದ ಮೇಲೆ ಕಾಲು ಬಾತಿತು” ಎಂಬ ಒಂದೇ ವಾಕ್ಯವು ಸರಿಯಾದ ಕಿವಿಗೆ ಬಿದ್ದಿದ್ದರೆ ಆ ಎಲುಬು ಮುರಿಯುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ರಕ್ತದೊತ್ತಡದ ರೋಗಿಗಳು ಮಾತ್ರೆಯನ್ನು ಬಿಡುವುದಕ್ಕೆ ಅಜ್ಞಾನ, ಆಲಸ್ಯಗಳೇ ಕಾರಣವೆಂದು ನಾವು ಓದಿದವರು ಸುಲಭವಾಗಿ ಹೇಳಿಬಿಡುತ್ತೇವೆ. ನನಗೆ ಈ ತೀರ್ಪು ಒಪ್ಪಿಗೆಯಿಲ್ಲ. ರೋಗಿಯ ಕಡೆಯಿಂದ ನೋಡಿರಿ. ಹಲ್ಲುನೋವಿನವನು ಔಷಧ ತೆಗೆದುಕೊಂಡರೆ ನೋವು ಹೋಗುತ್ತದೆ. ರಕ್ತದೊತ್ತಡದವನಿಗೆ ಮೊದಲಿನಿಂದಲೂ ನೋವೇ ಇರುವುದಿಲ್ಲ. ಔಷಧವನ್ನು ಆರಂಭಿಸಿದ ಮೇಲೆಯೇ ಕೆಮ್ಮೋ ಬಾವೋ ನಿದ್ರಾಭಂಗವೋ ತಲೆದೋರುತ್ತದೆ. ರೋಗವು ಮೌನವಾಗಿರುತ್ತದೆ, ಔಷಧವು ಮಾತನಾಡುತ್ತದೆ. ಇಂಥ ಸ್ಥಿತಿಯಲ್ಲಿ ಬುದ್ಧಿವಂತನೂ ಔಷಧವನ್ನೇ ಶತ್ರುವೆಂದು ಬಗೆಯುವುದು ಸಹಜ. ನಾನೇ ಐವತ್ತೆಂಟರ ವಯಸ್ಸಿನಲ್ಲಿ ಒಣಕೆಮ್ಮಿನ ಕಾರಣದಿಂದ ಮೂರು ತಿಂಗಳು ಮಾತ್ರೆಯನ್ನು ಬಿಟ್ಟು, ಮನೆಯವರಿಗೂ ಹೇಳದೆ ಇದ್ದವನು. ಶಾಲೆಯಲ್ಲಿ ಮಾತ್ರ ರಕ್ತಪರಿಚಲನೆಯ ಪಾಠವನ್ನು ತಪ್ಪದೆ ಹೇಳುತ್ತಿದ್ದೆ!

ಆದರೆ ಮೌನದ ಬೆಲೆಯು ದೊಡ್ಡದು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹದಿನೈದು ವರ್ಷ ಮೀರಿದ ಗಂಡಸರಲ್ಲಿ ನೂರಕ್ಕೆ ೨೪ ಮಂದಿಗೂ ಹೆಂಗಸರಲ್ಲಿ ನೂರಕ್ಕೆ ೨೧ ಮಂದಿಗೂ ಒತ್ತಡವು ಏರಿದೆ ಅಥವಾ ಅದಕ್ಕಾಗಿ ಅವರು ಔಷಧ ಸೇವಿಸುತ್ತಿದ್ದಾರೆ. ಚಿಕಿತ್ಸೆಯಿಲ್ಲದೆ ಏರಿ ನಿಂತ ಒತ್ತಡವು ಮಿದುಳಿನ ನಾಳವನ್ನು ಒಡೆದು ಪಾರ್ಶ್ವವಾಯುವನ್ನು ತರುತ್ತದೆ, ಹೃದಯವನ್ನು ದಣಿಸುತ್ತದೆ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. “ತಗೋತೀನ್ರಿ” ಎಂಬ ಸುಳ್ಳಿನಲ್ಲಿ ಮತ್ತೂ ಒಂದು ಅಪಾಯವುಂಟು. ರೋಗಿಯು ಮಾತ್ರೆಯನ್ನು ನುಂಗುತ್ತಿದ್ದಾನೆಂದು ನಂಬಿದ ಡಾಕ್ಟರರು, ಒತ್ತಡ ಇಳಿಯದಿರುವುದನ್ನು ಕಂಡು ಪ್ರಮಾಣವನ್ನು ಹೆಚ್ಚಿಸುತ್ತಾರೆ, ಎರಡನೆಯ ಮೂರನೆಯ ಮಾತ್ರೆಗಳನ್ನು ಸೇರಿಸುತ್ತಾರೆ. ಮುಂದೆ ಯಾವುದೋ ಜ್ವರಕ್ಕೆ ಆಸ್ಪತ್ರೆಗೆ ಸೇರಿದಾಗ ದಾದಿಯು ಚೀಟಿಯಲ್ಲಿದ್ದುದನ್ನೆಲ್ಲ ತಪ್ಪದೆ ಕೊಡುತ್ತಾಳೆ. ಒತ್ತಡವು ಪಾತಾಳಕ್ಕೆ ಇಳಿಯುತ್ತದೆ.

ಈಗ ನಿದ್ರೆಯ ವಿಚಾರಕ್ಕೆ ಬರೋಣ. ಆರೋಗ್ಯವಂತನಲ್ಲಿ ನಿದ್ರೆಯ ಕಾಲದಲ್ಲಿ ರಕ್ತದೊತ್ತಡವು ಹಗಲಿಗಿಂತ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಳಿಯುತ್ತದೆ. ಹೃದಯಕ್ಕೂ ಧಮನಿಗಳಿಗೂ ಇಪ್ಪತ್ತನಾಲ್ಕು ಗಂಟೆಗಳಲ್ಲಿ ದೊರೆಯುವ ನಿಜವಾದ ಬಿಡುವು ಇದೊಂದೇ. ಈ ಇಳಿತವು ಯಾರಲ್ಲಿ ಕಾಣುವುದಿಲ್ಲವೋ ಅವರಿಗೆ ಹೃದಯದ, ಮಿದುಳಿನ ಆಘಾತಗಳ ಭಯವು ಹೆಚ್ಚೆಂಬುದು ದಿನವಿಡೀ ತೋಳಿನಲ್ಲಿ ಯಂತ್ರವನ್ನು ಕಟ್ಟಿ ಅಳೆದ ಪರೀಕ್ಷೆಗಳಿಂದ ಸಿದ್ಧವಾಗಿದೆ. ನಿದ್ರೆ ಮುರಿದಾಗಲೆಲ್ಲ ಅನುಕಂಪ ನರಮಂಡಲವು ಎಚ್ಚೆತ್ತು ಅಡ್ರಿನಲಿನ್ ಜಾತಿಯ ಸ್ರಾವಗಳನ್ನು ರಕ್ತಕ್ಕೆ ಸುರಿಯುತ್ತದೆ, ನಾಳಗಳು ಬಿಗಿಯುತ್ತವೆ. ಆದ್ದರಿಂದ ನಿದ್ರೆಗೆಟ್ಟವನ ಒತ್ತಡವು ಏರುವುದು ಬರಿಯ ಚಿಂತೆಯ ಫಲವಲ್ಲ, ಶರೀರದ ನಿಯಮವೇ ಅದು.

ನಮ್ಮ ಸೀಮೆಯ ರಾತ್ರಿಗಳನ್ನು ನೋಡಿದರೆ ಈ ಬಿಡುವು ಎಷ್ಟು ಜನಕ್ಕೆ ದೊರೆಯುತ್ತದೆಂಬ ಸಂಶಯ ಬರುತ್ತದೆ. ಕಬ್ಬು ನುರಿಸುವ ಕಾಲದಲ್ಲಿ ಸಕ್ಕರೆಯ ಕಾರಖಾನೆಗಳು ಹಗಲಿರುಳೂ ಮೂರು ಪಾಳಿಗಳಲ್ಲಿ ನಡೆಯುತ್ತವೆ. ಕಬ್ಬಿನ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಸರದಿಯಲ್ಲಿ ನಿಂತಿರುತ್ತವೆ. ಪಂಪಿಗೆ ಬೇಕಾದ ಮೂರು ಫೇಜಿನ ವಿದ್ಯುತ್ತು ಪಾಳಿಯ ಮೇಲೆ ರಾತ್ರಿಯಲ್ಲಿ ಬಂದರೆ, ಘಟಪ್ರಭೆಯ ದಂಡೆಯ ರೈತನು ಬ್ಯಾಟರಿ ಹಿಡಿದು ನೀರು ಹಾಯಿಸಲು ಹೊಲಕ್ಕೆ ನಡೆಯುತ್ತಾನೆ. ರಬಕವಿ–ಬನಹಟ್ಟಿಗಳಲ್ಲಿ ವಿದ್ಯುನ್ಮಗ್ಗವೂ ಮಲಗುವ ಜಾಗವೂ ಒಂದೇ ಸೂರಿನ ಕೆಳಗಿರುವ ಮನೆಗಳಿಗೆ ಲೆಕ್ಕವಿಲ್ಲ. ಇವರಿಗೆಲ್ಲ “ಚೆನ್ನಾಗಿ ನಿದ್ರೆ ಮಾಡಿರಿ” ಎಂದು ಉಪದೇಶಿಸುವುದು ಹಸಿದವನಿಗೆ ಊಟ ಮಾಡೆಂದು ಹೇಳಿದಂತೆ. ಆದರೆ ಒಬ್ಬನು ಯಾವ ಪಾಳಿಯಲ್ಲಿ ದುಡಿಯುತ್ತಾನೆಂದು ಕೇಳಿ ತಿಳಿದು, ಮಾತ್ರೆಯ ಹೊತ್ತನ್ನು ಅವನ ನಿದ್ರೆಗೆ ಹೊಂದಿಸುವುದು ಸಾಧ್ಯವಾದ ಕೆಲಸವಾಗಿದೆ. ಸಾಧ್ಯವಾದುದನ್ನೂ ನಾವು ಮಾಡುತ್ತಿಲ್ಲವೆಂಬುದೇ ನನ್ನ ಆಕ್ಷೇಪ.

ಗೊರಕೆಯನ್ನು ನಾವು ನಗೆಯ ವಿಷಯವಾಗಿ ಮಾಡಿಕೊಂಡಿದ್ದೇವೆ. ಎಲ್ಲ ಗೊರಕೆಯೂ ರೋಗವಲ್ಲ, ನಿಜ. ಆದರೆ ಗೊರಕೆಯ ನಡುವೆ ಉಸಿರು ಕೆಲವು ಕ್ಷಣ ನಿಂತು, ಮತ್ತೆ ಉಸಿರುಗಟ್ಟಿದವರಂತೆ ಬೆಚ್ಚಿ ಉಸಿರೆಳೆದುಕೊಳ್ಳುವುದು, ಹಗಲಿನಲ್ಲಿ ಕುಳಿತಲ್ಲಿಯೇ ತೂಕಡಿಸುವುದು, ಇವೆರಡೂ ಕೂಡಿ ಕಂಡರೆ ಅದು ನಿದ್ರೆಯಲ್ಲಿ ಶ್ವಾಸಮಾರ್ಗವು ಮುಚ್ಚುವ ರೋಗವಾಗಿರಬಹುದು. ಇಂಥವರಲ್ಲಿ ಉಸಿರು ನಿಂತಾಗಲೆಲ್ಲ ರಕ್ತದ ಆಮ್ಲಜನಕವು ಇಳಿದು ಒತ್ತಡವು ಜಿಗಿಯುತ್ತದೆ. ಒಂದೇ ರಾತ್ರಿಯಲ್ಲಿ ಇದು ನೂರಾರು ಸಲ ನಡೆಯುವುದೂ ಉಂಟು. ಮೂರು ಬಗೆಯ ಮಾತ್ರೆಗಳಿಗೂ ಬಗ್ಗದ ರಕ್ತದೊತ್ತಡಕ್ಕೆ ಇದು ಒಂದು ಮುಖ್ಯ ಕಾರಣ. ಈ ರೋಗವುಳ್ಳವನಿಗೆ ಅಂಗಡಿಯಿಂದ ತಂದ ನಿದ್ರೆಯ ಗುಳಿಗೆಯನ್ನು ಕೊಡುವುದು ಗಂಡಾಂತರಕ್ಕೆ ದಾರಿ. ಮಂಪರಿನಲ್ಲಿ ಗಂಟಲಿನ ಸ್ನಾಯುಗಳು ಇನ್ನೂ ಸಡಿಲಾಗುತ್ತವೆ, ಎಚ್ಚರಿಸುವ ಶಕ್ತಿಯು ಮಂದವಾಗುತ್ತದೆ. ತೂಕವನ್ನು ಇಳಿಸುವುದು, ಮದ್ಯವನ್ನು ಬಿಡುವುದು, ಮಗ್ಗುಲಾಗಿ ಮಲಗುವುದು, ಬೇಕಾದರೆ ಗಾಳಿಯನ್ನು ಒತ್ತಿ ಕೊಡುವ ಯಂತ್ರ, ಇವು ಅದರ ಚಿಕಿತ್ಸೆ. ಪರೀಕ್ಷೆಗೆ ಬೆಳಗಾವಿ, ಹುಬ್ಬಳ್ಳಿಗಳ ದೊಡ್ಡ ಆಸ್ಪತ್ರೆಗೆ ಹೋಗಬೇಕಾದೀತು. ಆದರೆ ಮೊದಲ ಸಾಕ್ಷಿಯು ಮಗ್ಗುಲಲ್ಲಿ ಮಲಗಿದವರದೇ. ಮಲಗಿದವನಿಗೆ ತನ್ನ ಗೊರಕೆಯ ಅರಿವಿರುವುದಿಲ್ಲ.

ರಾತ್ರಿಯಲ್ಲಿ ಮೂತ್ರಕ್ಕೆ ಏಳುವುದನ್ನು ಮುಪ್ಪಿನ ಸಹಜ ಧರ್ಮವೆಂದು ಬಿಟ್ಟುಬಿಡುವುದೂ ಇಂಥದೇ ತಪ್ಪು. ಸಕ್ಕರೆ ರೋಗ, ಪ್ರಾಸ್ಟೇಟ್ ಗ್ರಂಥಿಯ ತೊಂದರೆಗಳಂತೆ ಉಪ್ಪೂ ಅದಕ್ಕೊಂದು ಕಾರಣ. ಹಗಲಿನಲ್ಲಿ ಹೊರಹಾಕಲಾಗದ ಉಪ್ಪನ್ನು ಮೂತ್ರಪಿಂಡಗಳು ರಾತ್ರಿಯಲ್ಲಿ ನೀರಿನೊಡನೆ ಹೊರಕ್ಕೆ ತಳ್ಳುತ್ತವೆ; ಆ ಕೆಲಸಕ್ಕಾಗಿ ಒತ್ತಡವೂ ಮೇಲೆಯೇ ನಿಲ್ಲುತ್ತದೆ. ಜಪಾನಿನ ನಾಗಾಸಾಕಿಯ ವೈದ್ಯರು ೨೦೧೭ರಲ್ಲಿ ತಿಳಿಸಿದಂತೆ, ದಿನದ ಉಪ್ಪನ್ನು ಸುಮಾರು ೧೦.೭ ಗ್ರಾಮಿನಿಂದ ೮ ಗ್ರಾಮಿಗೆ ಇಳಿಸಿದವರು ರಾತ್ರಿ ಏಳುವುದು ಸರಾಸರಿ ೨.೩ ಸಲದಿಂದ ೧.೪ ಸಲಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಜೋಳದ ರೊಟ್ಟಿಯಲ್ಲಿ ತಪ್ಪೇನೂ ಇಲ್ಲ. ಅದರ ಪಕ್ಕದಲ್ಲಿ ಕೂಡುವ ರಂಜಕ, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳಲ್ಲಿ ಉಪ್ಪು ಅಡಗಿದೆ. ರಂಜಕವನ್ನು ಬಿಡಿರೆಂದು ಹೇಳುವ ಧೈರ್ಯ ನನಗಿಲ್ಲ. ಒಂದು ಹೊತ್ತಿಗೆ ಒಂದು ಬಗೆ ಮಾತ್ರ ಎಂದು ನಮ್ಮ ಮನೆಯಲ್ಲಿ ನಿಯಮ ಮಾಡಿಕೊಂಡಿದ್ದೇವೆ.

ಇನ್ನು ಮಾತ್ರೆಗಳಲ್ಲಿ ನಿದ್ರೆಗೆ ಅಡ್ಡಬರುವಂಥವು ಕೆಲವಿವೆ. ಮೂತ್ರವರ್ಧಕದ ಸಂಗತಿಯನ್ನು ಹೇಳಿಯಾಯಿತು. ಡಾಕ್ಟರರು ಬೇರೆ ಹೇಳದಿದ್ದರೆ ಅದಕ್ಕೆ ಬೆಳಗಿನ ಹೊತ್ತೇ ಲೇಸು. ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಮೊದಲಾದ ಬೀಟಾ ನಿರೋಧಕಗಳು ಮಿದುಳಿನ ಮೆಲಟೋನಿನ್ ಸ್ರಾವವನ್ನು ತಗ್ಗಿಸಿ, ಕೆಲವರಿಗೆ ನಿದ್ರಾಭಂಗವನ್ನೂ ಕೆಟ್ಟ ಕನಸುಗಳನ್ನೂ ತರುತ್ತವೆ. ರಾಮಿಪ್ರಿಲ್, ಎನಲಾಪ್ರಿಲ್‌ಗಳಿಂದ ಬರುವ ಒಣಕೆಮ್ಮು ಮಲಗಿದಾಗ ಹೆಚ್ಚು ಕಾಡುತ್ತದೆ. ಮಾತ್ರೆಯನ್ನು ಬದಲಿಸಿದರೆ ಅದು ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹೋಗುತ್ತದೆ, ನನ್ನದು ಹೋದುದೂ ಹಾಗೆಯೇ. ಆದರೆ ಬದಲಿಸುವುದು ಬೇರೆ, ಬಿಡುವುದು ಬೇರೆ. ಬೀಟಾ ನಿರೋಧಕವನ್ನಾಗಲಿ ಕ್ಲೊನಿಡಿನ್ ಮಾತ್ರೆಯನ್ನಾಗಲಿ ಒಮ್ಮೆಲೇ ನಿಲ್ಲಿಸಿದರೆ ತಡೆದಿಟ್ಟ ಒತ್ತಡವು ಕಟ್ಟೆಯೊಡೆದಂತೆ ಮೇಲೇರಬಹುದು. ಮೈಕೈ ನೋವಿಗೆಂದು ಕಬ್ಬು ಕಡಿಯುವವರೂ ನೇಕಾರರೂ ದಿನವೂ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೇನ್‌ಗಳೂ, ನೆಗಡಿಯ ಕೆಲವು ಮಾತ್ರೆಗಳೂ ಒತ್ತಡವನ್ನು ಏರಿಸುತ್ತವೆಂಬುದು ಎಷ್ಟೋ ಮಂದಿಗೆ ತಿಳಿಯದು, “ಅದು ಬಿ.ಪಿ. ಗುಳಿಗಿ ಅಲ್ಲಲ್ರಿ” ಎಂದು ಡಾಕ್ಟರರ ಮುಂದೆ ಅದರ ಹೆಸರನ್ನೇ ಎತ್ತುವುದಿಲ್ಲ.

ಮಾತ್ರೆಯನ್ನು ಬೆಳಿಗ್ಗೆ ನುಂಗಬೇಕೋ ರಾತ್ರಿಯೋ ಎಂಬ ವಿವಾದವು ಸ್ವಾರಸ್ಯವಾದುದು. ರಾತ್ರಿ ನುಂಗಿದವರಿಗೆ ಬಹಳ ಲಾಭವೆಂದು ಸ್ಪೇನಿನ ಪರೀಕ್ಷೆಯೊಂದು ೨೦೧೯ರಲ್ಲಿ ಸಾರಿತು. ಜಗತ್ತಿನಾದ್ಯಂತ ಜನರು ಮಾತ್ರೆಯನ್ನು ದಿಂಬಿನ ಬಳಿಗೆ ಸರಿಸಿದರು. ಬ್ರಿಟನ್ನಿನಲ್ಲಿ ೨೧,೧೦೪ ಮಂದಿಯ ಮೇಲೆ ನಡೆದು ೨೦೨೨ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎರಡು ಗುಂಪುಗಳಿಗೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ಯಾವ ಅಂತರವೂ ಕಾಣಲಿಲ್ಲ. ಮರೆಯದೆ ನುಂಗಬಲ್ಲ ಹೊತ್ತು, ಮತ್ತು ನಿದ್ರೆಯನ್ನು ಕೆಡಿಸದ ಹೊತ್ತು, ಅದೇ ಒಳ್ಳೆಯ ಹೊತ್ತೆಂದು ಇದರಿಂದ ನಾನು ಗ್ರಹಿಸಿದ್ದೇನೆ.

ರೋಗಿಯ ದೂರು ವಿಜ್ಞಾನಕ್ಕೆ ಕಿರುಕುಳವಲ್ಲ, ಸಾಕ್ಷ್ಯ. ಇದಕ್ಕೆ ನಮ್ಮ ದೇಶದ್ದೇ ಆದ ಒಂದು ಇತಿಹಾಸವುಂಟು. ಸರ್ಪಗಂಧವೆಂಬ ಗಿಡವು ನಮ್ಮ ಪಶ್ಚಿಮಘಟ್ಟದಲ್ಲಿಯೂ ಹಿಮಾಲಯದ ಬುಡದಲ್ಲಿಯೂ ಬೆಳೆಯುತ್ತದೆ. ಅದರ ಬೇರನ್ನು ಬಿಹಾರದ ಕಡೆ ಉನ್ಮಾದಕ್ಕೂ ನಿದ್ರೆ ಬರಿಸುವುದಕ್ಕೂ ಬಳಸುತ್ತಿದ್ದರು. ಅದು ರಕ್ತದೊತ್ತಡವನ್ನೂ ಇಳಿಸುತ್ತದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ೧೯೩೧ರಲ್ಲಿ ಬರೆದರು. ೧೯೪೯ರಲ್ಲಿ ಮುಂಬಯಿಯ ಹೃದ್ರೋಗತಜ್ಞ ರುಸ್ತುಮ್ ಜಾಲ್ ವಕೀಲರು ಐವತ್ತು ರೋಗಿಗಳ ಮೇಲಿನ ತಮ್ಮ ಅನುಭವವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮದ ಕಣ್ಣು ತೆರೆಯಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನವಿಜ್ಞಾನಿಗಳು ಆ ಬೇರಿನಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ೧೯೫೭ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂದಿತು.

ಆದರೆ ಲಕ್ಷಾಂತರ ಜನರು ಸೇವಿಸತೊಡಗಿದಂತೆ ಮೂಗು ಕಟ್ಟುವುದು, ಹಗಲಿನ ಮಂಪರು, ದುಃಸ್ವಪ್ನ, ಕೆಲವರಲ್ಲಿ ಕಾರಣವಿಲ್ಲದ ಗಾಢ ವಿಷಾದ, ಇವುಗಳ ದೂರುಗಳು ಬಂದವು. ಕೆಲವು ವೈದ್ಯರು ಅವನ್ನು ತಳ್ಳಿಹಾಕದೆ ಬರೆದಿಟ್ಟರು. ರೆಸರ್ಪಿನ್ ಮಿದುಳಿನ ಸೆರೊಟೋನಿನ್, ನಾರಡ್ರಿನಲಿನ್‌ಗಳ ಸಂಗ್ರಹವನ್ನು ಬರಿದುಮಾಡುತ್ತದೆಂಬುದು ಪ್ರಯೋಗಶಾಲೆಯಲ್ಲಿ ಕಂಡಾಗ, ಆ ವಿಷಾದದ ದೂರುಗಳೂ ಈ ರಾಸಾಯನಿಕ ಸಂಗತಿಯೂ ಕೂಡಿ, ಮನಸ್ಸಿನ ಖಿನ್ನತೆಗೆ ಮಿದುಳಿನ ರಸಾಯನಗಳೊಡನೆ ಸಂಬಂಧವಿರಬಹುದೆಂಬ ದೊಡ್ಡ ವಾದಕ್ಕೆ ದಾರಿಯಾಯಿತು. ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಆ ವಿಷಾದವು ಮೊದಲು ಭಾವಿಸಿದಷ್ಟು ಸಾಮಾನ್ಯವಲ್ಲವೆಂದು ಮುಂದಿನ ಪರಿಶೀಲಕರು ಹೇಳಿದರು, ಆ ದೊಡ್ಡ ವಾದವೂ ಮುಂದೆ ಬಹಳಷ್ಟು ತಿದ್ದುಪಡಿಗೆ ಒಳಗಾಯಿತು. ಅದಿರಲಿ, ಯಾವನೋ ರೋಗಿಯು “ಈ ಔಷಧ ತೆಗೆದುಕೊಂಡಂದಿನಿಂದ ಮನಸ್ಸು ಸರಿಯಿಲ್ಲ” ಎಂದು ಬಾಯಿಬಿಟ್ಟು ಹೇಳಿರದಿದ್ದರೆ ಈ ವಿಚಾರಣೆಯೇ ಹುಟ್ಟುತ್ತಿರಲಿಲ್ಲ. (ಮಿನಾಕ್ಸಿಡಿಲ್ ಎಂಬ ರಕ್ತದೊತ್ತಡದ ಮಾತ್ರೆಯಿಂದ ಮೈಮೇಲೆ ಕೂದಲು ಬೆಳೆಯಿತೆಂಬ ದೂರಿನಿಂದಲೇ ಇಂದಿನ ಬೊಕ್ಕತಲೆಯ ಔಷಧ ಬಂದಿತೆಂಬುದನ್ನು ತರುಣ ವಾಚಕರು ಗಮನಿಸಬಹುದು.)

ಡಾಕ್ಟರರ ಪಕ್ಷವನ್ನೂ ಹೇಳಬೇಕು. ಸಾಲಿನಲ್ಲಿ ನೂರು ಮಂದಿ ನಿಂತಿರುವಾಗ ಒಬ್ಬೊಬ್ಬರ ರಾತ್ರಿಯ ವೃತ್ತಾಂತವನ್ನು ಕೇಳುತ್ತ ಕೂಡಲು ಅವರಿಗೆ ಪುರಸೊತ್ತೆಲ್ಲಿ? ನಾನು ಬೇಡುವುದು ಎರಡೇ ಪ್ರಶ್ನೆಗಳನ್ನು: “ನಿದ್ರೆ ಹೇಗಿದೆ? ಮಾತ್ರೆಯಿಂದ ಏನಾದರೂ ತೊಂದರೆಯುಂಟೇ?” ಅದಕ್ಕೆ ಅರ್ಧ ನಿಮಿಷ ಸಾಕು. ಬೈಗುಳಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ, ಮತ್ತು ಬೈಸಿಕೊಂಡ ರೋಗಿಯು ಮುಂದಿನ ಸಲ ಸುಳ್ಳನ್ನೇ ಹೇಳುತ್ತಾನೆ. ಡಾಕ್ಟರರಿಗೆ ಹೇಳಲಾಗದಿದ್ದರೂ ಹೇಳುವುದಕ್ಕೆ ಒಂದು ಸ್ಥಾನವುಂಟು. ೨೦೧೦ರಲ್ಲಿ ಆರಂಭವಾದ ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮವು ಗಾಜಿಯಾಬಾದಿನ ಔಷಧಕೋಶ ಆಯೋಗದ ಆಶ್ರಯದಲ್ಲಿ ನಡೆಯುತ್ತಿದೆ. ೧೮೦೦-೧೮೦-೩೦೨೪ ಎಂಬ ಶುಲ್ಕರಹಿತ ದೂರವಾಣಿಗೆ ರೋಗಿಯಾಗಲಿ ಮನೆಯವರಾಗಲಿ ಔಷಧದ ಅನಿಷ್ಟ ಪರಿಣಾಮವನ್ನು ತಿಳಿಸಬಹುದು. ನಮ್ಮ ಕಡೆಯ ಎಷ್ಟು ಔಷಧದ ಅಂಗಡಿಗಳಲ್ಲಿ ಈ ಸಂಖ್ಯೆಯನ್ನು ಬರೆದು ಹಚ್ಚಿದ್ದಾರೆಂದು ನೋಡುತ್ತ ಹೋದೆ, ಒಂದರಲ್ಲಿಯೂ ಕಾಣಲಿಲ್ಲ.

ಈ ಪತ್ರಿಕೆಯನ್ನು ಓದುವವರು ಬಹುಪಾಲು ವಿದ್ಯಾರ್ಥಿಗಳು. ಮುತ್ಯಾನ ಮಾತ್ರೆಯ ಹಾಳೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಓದುವವರು, ಅಂಗಡಿಗೆ ಹೋಗಿ ತರುವವರು, ಆಸ್ಪತ್ರೆಗೆ ಜೊತೆಯಾಗಿ ಹೋಗುವವರು ಮನೆಮನೆಯಲ್ಲಿಯೂ ಅವರೇ. ಬನಹಟ್ಟಿಯ ನೇಕಾರರ ಮನೆಯಲ್ಲಿಯೂ ಪಿ.ಯು.ಸಿ. ಓದುವ ಮೊಮ್ಮಗಳಿದ್ದಾಳೆ. ಅವಳ ಕೈಗೆ ನಾನೊಂದು ಹಳೆಯ ವಹಿಯನ್ನು ಕೊಟ್ಟು, ಮನೆಯಲ್ಲಿರುವ ಎಲ್ಲ ಮಾತ್ರೆಗಳ ಹೆಸರು, ಯಾವುದನ್ನು ಯಾವ ಹೊತ್ತಿಗೆ, ಎಂದಿನಿಂದ, ಎಂದು ಬಿಟ್ಟದ್ದು, ರಾತ್ರಿ ಎಷ್ಟು ಸಲ ಎದ್ದದ್ದು, ಇಷ್ಟನ್ನು ಹತ್ತು ದಿನ ಬರೆಯಲು ಹೇಳಿದೆ. ಮಗ್ಗದ ಮಾಡದಲ್ಲಿದ್ದ ನೋವಿನ ಗುಳಿಗೆಯ ಹಾಳೆಯನ್ನೂ ಅವಳು ಹುಡುಕಿ ತೆಗೆದಳು. ಅದನ್ನು ಯಾರೂ ನನಗೆ ಹೇಳಿರಲಿಲ್ಲ.

ವಹಿಯನ್ನು ತೆಗೆದುಕೊಂಡು ಅವಳೇ ಮುತ್ಯಾನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರರು ಎರಡು ಪುಟಗಳನ್ನು ಓದಿದರಂತೆ. ಸಿಟ್ಟು ಮಾಡಲಿಲ್ಲವಂತೆ. ಬಾವು ತರುವ ಮಾತ್ರೆಯು ಹೋಗಿ ಬೇರೊಂದು ಬಂದಿತು. ಮೂತ್ರವರ್ಧಕವೂ ನೋವಿನ ಗುಳಿಗೆಯೂ ನಿಂತವು. ನಿದ್ರೆಯ ಗುಳಿಗೆಯನ್ನು, ಅದನ್ನೊಂದು ಮಾತ್ರ ಅವರು ಗುಟ್ಟಾಗಿ ಬಿಡದೆ ಇಟ್ಟುಕೊಂಡಿದ್ದರು, ಒಮ್ಮೆಲೇ ನಿಲ್ಲಿಸದೆ ವಾರ ವಾರವೂ ತಗ್ಗಿಸುತ್ತ ಬರಬೇಕೆಂದು ಬರೆದುಕೊಟ್ಟರು. ಮೊನ್ನೆ ಹೋಗಿದ್ದಾಗ ರಾತ್ರಿ ಒಂದೇ ಸಲ ಏಳುತ್ತೇನೆಂದರು. ಪಕ್ಕದಲ್ಲಿಯೇ ಕಡ್ಡಿಗೆ ನೂಲು ಸುತ್ತುತ್ತಿದ್ದ ಅವರ ಹೆಂಡತಿಯು ತಲೆಯೆತ್ತದೆ, “ಗೊರಕಿ ಹೊಡಿಯೂದ ಯಾಕ ಹೇಳವಲ್ರಿ? ಅದನ್ನೂ ವಹಿಯೊಳಗ ಬರಸ್ರಿ” ಎಂದರು.